ಗುಲಾಬಿ ದಾಖಲೆ ಬರೆಯಿತು, ರೇಟು ಬಿತ್ತು: ಎರಡೂ ಒಂದೇ ವಾರದಲ್ಲಿ ಹೇಗೆ?

ಫೆಬ್ರವರಿ ಎರಡನೇ ವಾರ ಬಂತೆಂದರೆ ಬೆಂಗಳೂರಿನಲ್ಲಿ ಎರಡು ಥರದ ಸುದ್ದಿ ಓಡಾಡುತ್ತವೆ. ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಈ ಸಲ ಇಷ್ಟು ಕೋಟಿ ಗುಲಾಬಿ ಹಾರಿದವು, ಹೋದ ವರ್ಷಕ್ಕಿಂತ ಎಷ್ಟೋ ಜಾಸ್ತಿ ಅನ್ನೋದು ಒಂದು. ದೊಡ್ಡಬಳ್ಳಾಪುರ, ಹೊಸೂರು ಕಡೆಯ ಬೆಳೆಗಾರರು ಖರ್ಚು ಕಳೆದರೆ ಕೈಗೆ ಏನೂ ಉಳಿಯಲಿಲ್ಲ ಅನ್ನೋದು ಇನ್ನೊಂದು. ಓದುವವರಿಗೆ ಗೊಂದಲ ಆಗೋದು ಸಹಜ. ಅಷ್ಟೊಂದು ಹೂವು ವಿಮಾನ ಹತ್ತಿದ್ದರೆ ದುಡ್ಡು ಎಲ್ಲಿ ಹೋಯಿತು? ಯಾರೋ ಒಬ್ಬರು ಸುಳ್ಳು ಹೇಳುತ್ತಿರಬೇಕು, ಅಲ್ವಾ?

ಯಾರೂ ಸುಳ್ಳು ಹೇಳುತ್ತಿಲ್ಲ. ವಿಮಾನ ನಿಲ್ದಾಣ ಲೆಕ್ಕ ಹಾಕೋದು ತೂಕವನ್ನು. ಹೂವಿನ ವ್ಯಾಪಾರದಲ್ಲಿ ಮಾರಾಟ ಆಗೋದು ದಿನಗಳು. ಕೊಂಡವರ ಮನೆಯ ಹೂದಾನಿಯಲ್ಲಿ ಆ ಗುಲಾಬಿ ಇನ್ನೆಷ್ಟು ದಿನ ನಿಲ್ಲುತ್ತದೆ ಅನ್ನೋದೇ ಅದರ ಬೆಲೆ. ಈ ಎರಡು ಲೆಕ್ಕದ ನಡುವಿನ ದೂರ ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

2.9 ಕೋಟಿ ಹೂವು ಹೋಗಿದ್ದೆಲ್ಲಿಗೆ?

2024ರ ಪ್ರೇಮಿಗಳ ದಿನವನ್ನೇ ತೆಗೆದುಕೊಳ್ಳಿ. ಆ ಸೀಸನ್ನಿನಲ್ಲಿ ಬೆಂಗಳೂರಿನಿಂದ ಹೊರಟಿದ್ದು 12 ಲಕ್ಷ ಕೆಜಿಗೂ ಹೆಚ್ಚು ಗುಲಾಬಿ, ಅಂದರೆ ಸುಮಾರು 2.9 ಕೋಟಿ ಹೂವು. ಕೇಳಿದ ತಕ್ಷಣ ಇದೆಲ್ಲ ವಿದೇಶಕ್ಕೆ ಹೋಯಿತು ಅನ್ನಿಸುತ್ತದೆ. ಇಲ್ಲ. ತೂಕದಲ್ಲಿ ಮುಕ್ಕಾಲು ಪಾಲಿನಷ್ಟು ಹೋಗಿದ್ದು ದೆಹಲಿ, ಕೋಲ್ಕತ್ತಾ, ಮುಂಬೈ, ಗುವಾಹಟಿ, ಚಂಡೀಗಢದಂಥ ನಮ್ಮದೇ ಊರುಗಳಿಗೆ. ಉಳಿದ ಕಾಲು ಭಾಗ ಹೊರದೇಶಕ್ಕೆ, ಅದರಲ್ಲೂ ಮುಖ್ಯವಾಗಿ ಕ್ವಾಲಾಲಂಪುರ, ಸಿಂಗಪುರ, ಕುವೈತ್, ಮನಿಲಾ, ಶಾರ್ಜಾ ಕಡೆಗೆ.

ಈ ಹೆಸರುಗಳಲ್ಲಿ ಒಂದೂ ಯುರೋಪಿನದಲ್ಲ. ಜಗತ್ತಿನ ಹೂವಿನ ವ್ಯಾಪಾರದ ಹೃದಯ ಇರೋದು ಹಾಲೆಂಡಿನ ಆಲ್ಸ್‌ಮೀರ್‌ನಲ್ಲಿ, ಆದರೆ ಬೆಂಗಳೂರಿನ ಗುಲಾಬಿಯ ದೊಡ್ಡ ವಿದೇಶಿ ಗಿರಾಕಿಗಳು ಇರೋದು ನಾಲ್ಕೈದು ಗಂಟೆಯ ವಿಮಾನದ ದೂರದಲ್ಲಿ, ಮನಿಲಾ ಒಂದು ಸ್ವಲ್ಪ ಆಚೆ.

ದೇಶದ ಲೆಕ್ಕ ನೋಡಿದರೆ ಇನ್ನೂ ಸ್ಪಷ್ಟ. 2023-24ರಲ್ಲಿ ಭಾರತದ ಒಟ್ಟು ಪುಷ್ಪೋದ್ಯಮ ರಫ್ತು ಸುಮಾರು 718 ಕೋಟಿ ರೂಪಾಯಿ. ಅದರಲ್ಲಿ ಒಣ ಹೂವು, ಗಿಡ, ಎಲೆ ಎಲ್ಲ ಸೇರಿದೆ, ತಾಜಾ ಗುಲಾಬಿ ಒಂದು ತುಂಡು ಅಷ್ಟೇ. ಇಷ್ಟು ದೊಡ್ಡ ದೇಶಕ್ಕೆ ಇದು ತೀರಾ ಚಿಕ್ಕ ಮೊತ್ತ. "ದಾಖಲೆ" ಅನ್ನೋ ಪದ ಓದುವಾಗ ಇದು ನೆನಪಿನಲ್ಲಿ ಇರಲಿ.

ಕಿತ್ತ ಮೇಲೂ ಉಸಿರಾಡುವ ಹೂವು

ಗಿಡದಿಂದ ಕತ್ತರಿಸಿದ ಗುಲಾಬಿ ಸತ್ತಿರುವುದಿಲ್ಲ. ಉಸಿರಾಡುತ್ತಲೇ ಇರುತ್ತದೆ. ಕಾಂಡ, ಎಲೆ, ಮೊಗ್ಗಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ಕರಗಿಸುತ್ತಾ, ನೀರು ಕಳೆದುಕೊಳ್ಳುತ್ತಾ, ಮೈಯಿಂದ ಸ್ವಲ್ಪ ಸ್ವಲ್ಪ ಬಿಸಿಯನ್ನೂ ಬಿಡುತ್ತಾ ಇರುತ್ತದೆ. ಬೇರು ಇಲ್ಲ, ಹೊಸ ಊಟ ಇಲ್ಲ. ಗಂಟು ಕರಗಿ ಮುಗಿದ ದಿನ ಕತ್ತು ಬಗ್ಗುತ್ತದೆ.

ಆ ಗಂಟು ಎಷ್ಟು ಬೇಗ ಕರಗಬೇಕು ಅಂತ ತೀರ್ಮಾನಿಸೋದು ಬಿಸಿ. ಶಾಖ 10 ಡಿಗ್ರಿ ಏರಿದರೆ ಹೂವಿನ ಉಸಿರಾಟದ ವೇಗ ಸುಮಾರು ಎರಡರಿಂದ ಮೂರು ಪಟ್ಟು ಆಗುತ್ತದೆ. ಇದು ಕೇಳೋಕೆ ಸಣ್ಣ ವಿಷಯ, ಆದರೆ ಪಟ್ಟು ಪಟ್ಟಾಗಿ ಏರುವ ಲೆಕ್ಕ ಬಡ್ಡಿ ಇದ್ದ ಹಾಗೆ. ಕೋಲ್ಡ್ ರೂಮಿನಲ್ಲಿ 2 ಡಿಗ್ರಿಯಲ್ಲಿದ್ದ ಹೂವನ್ನು 32 ಡಿಗ್ರಿಯ ಬಿಸಿಲಿಗೆ ತಂದಿರಿ ಅಂದುಕೊಳ್ಳಿ. ಮೂರು ಸಲ ಹತ್ತು ಡಿಗ್ರಿ ಏರಿತು. ಕಡಿಮೆ ಲೆಕ್ಕ ಹಿಡಿದರೂ ಎರಡು, ನಾಲ್ಕು, ಎಂಟು ಪಟ್ಟು. ಅಂದರೆ ಹೂವಿಗೆ ಪೂರ್ತಿ ಬಿಸಿ ತಟ್ಟಿದ ಮೇಲೆ ಮೂರು ಗಂಟೆ ಹೊರಗೆ ನಿಂತರೆ, ಕೋಲ್ಡ್ ರೂಮಿನಲ್ಲಿ ಒಂದು ಇಡೀ ದಿನ ಕಳೆದಷ್ಟು ಆಯಸ್ಸು ಹೋಯಿತು.

ಹೋದದ್ದು ಹೋಯಿತು. ಮತ್ತೆ 2 ಡಿಗ್ರಿಗೆ ಇಳಿಸಿದರೆ ಖರ್ಚು ನಿಧಾನವಾಗುತ್ತದೆ, ಕಳೆದದ್ದು ವಾಪಸ್ ಬರಲ್ಲ. ನೋಡೋಕೆ ಮಾತ್ರ ಹೂವು ಹಾಗೇ ಇರುತ್ತದೆ! ಈ ವ್ಯಾಪಾರದ ಅರ್ಧ ಜಗಳಕ್ಕೆ ಇದೇ ಕಾರಣ. ಬೆಂಗಳೂರಿನಲ್ಲಿ ಬಾಕ್ಸ್ ಕಟ್ಟುವಾಗ ಚೆನ್ನಾಗಿತ್ತು, ಸಿಂಗಪುರದಲ್ಲಿ ಬಾಕ್ಸ್ ಬಿಚ್ಚಿದಾಗಲೂ ಚೆನ್ನಾಗಿತ್ತು, ಅಂಗಡಿಯಲ್ಲಿ ಎರಡನೇ ದಿನಕ್ಕೇ ತಲೆ ತಗ್ಗಿಸಿತು. ತಪ್ಪು ಯಾರದು? ಪ್ರತಿಯೊಬ್ಬರೂ "ನಮ್ಮಲ್ಲಿ ಸರಿಯಾಗೇ ಇತ್ತು" ಅಂತಾರೆ, ಅದು ನಿಜವೂ ಹೌದು. ಈಚೆಗೆ ಬಾಕ್ಸಿನೊಳಗೇ ಶಾಖ ದಾಖಲಿಸುವ ಪುಟ್ಟ ಯಂತ್ರ ಇಡುವುದು ಹೆಚ್ಚಾಗಿರುವುದು ಇದಕ್ಕೇ.

ಇನ್ನೂ ಎರಡು ಶತ್ರುಗಳಿವೆ. ತಣ್ಣಗಿದ್ದ ಹೂವು ಬಿಸಿ ಗಾಳಿಗೆ ಬಂದರೆ ಎಸಳಿನ ಮೇಲೆ ಇಬ್ಬನಿಯಂತೆ ನೀರು ಕೂರುತ್ತದೆ, ಬೊಟ್ರೈಟಿಸ್ ಅನ್ನೋ ಬೂದು ಬೂಸ್ಟಿಗೆ ಅಷ್ಟು ಸಾಕು. ಇನ್ನೊಂದು ಎಥಿಲೀನ್, ಹಣ್ಣು ಮಾಗುವಾಗ ಬಿಡುವ ಅನಿಲ. ಮಾಗುತ್ತಿರುವ ಮಾವು, ಬಾಳೆ ಇರುವ ಕೋಣೆಯಲ್ಲೇ ಕಾರ್ನೇಷನ್ ಇಟ್ಟರೆ ಅದು ಅವಧಿಗೆ ಮುಂಚೆಯೇ ಮುದುಡುತ್ತದೆ. ಹಾಗಂತ ಎಲ್ಲ ಹೂವಿಗೂ ಚಳಿ ಒಳ್ಳೆಯದು ಅಂತಲೂ ಅಲ್ಲ. ಕೊಡಗಿನಲ್ಲಿ ಬೆಳೆಯುವ ಆಂಥೂರಿಯಂ ಬಿಸಿ ನಾಡಿನ ಹೂವು, ಗುಲಾಬಿಯ 2 ಡಿಗ್ರಿ ಕೋಣೆಯಲ್ಲಿ ಇಟ್ಟರೆ ಕಪ್ಪಾಗುತ್ತದೆ. ಒಂದೇ ಲಾರಿಯಲ್ಲಿ ಎಲ್ಲ ಹೂವೂ ತುಂಬುವ ನಮ್ಮ ಅಭ್ಯಾಸ ಇಲ್ಲಿ ನಡೆಯಲ್ಲ.

ಸರಪಳಿ ತುಂಡಾಗುವುದು ಎಲ್ಲಿ?

ಸುದ್ದಿಯಲ್ಲಿ ಕಾಣುವುದು ವಿಮಾನ ನಿಲ್ದಾಣದ ಕೋಲ್ಡ್ ರೂಮು. ನಿಜ ಹೇಳಬೇಕೆಂದರೆ ಅಲ್ಲಿ ಬೆಂಗಳೂರು ದೇಶದಲ್ಲೇ ಮುಂದಿದೆ. ಬೇಗ ಕೆಡುವ ಸರಕಿಗಾಗಿಯೇ ನಿಲ್ದಾಣದ ಒಳಗೇ ಕಟ್ಟಿದ ಪ್ರತ್ಯೇಕ ಕಟ್ಟಡ ಇದೆ, ಬೇರೆ ಬೇರೆ ಶಾಖದ ಕೋಣೆಗಳಿವೆ.

ತೊಂದರೆ ಶುರುವಾಗೋದು ಅದಕ್ಕೆ ಎಷ್ಟೋ ಮುಂಚೆ. ಬೆಳಗ್ಗೆ ಕತ್ತರಿಸಿದ ಹೂವು ಕೂಡಲೇ ನೀರಿನ ಬಕೆಟ್ಟಿಗೆ, ಅಲ್ಲಿಂದ ತೋಟದ ಕೋಲ್ಡ್ ರೂಮಿಗೆ ಹೋಗಬೇಕು. ಆಮೇಲೆ 40, 50, 60 ಸೆಂಟಿಮೀಟರ್ ಅಂತ ಉದ್ದ ನೋಡಿ ವಿಂಗಡಣೆ, ಬಂಚ್ ಕಟ್ಟುವುದು, ಬಾಕ್ಸಿಗೆ ತುಂಬುವುದು. ಇಲ್ಲಿ ಒಂದು ಸೂಕ್ಷ್ಮ ಇದೆ. ಬಾಕ್ಸಿನಲ್ಲಿ ಒತ್ತೊತ್ತಾಗಿ ತುಂಬಿದ ನೂರಾರು ಹೂವು ತಾವೇ ಬಿಸಿ ಬಿಡುತ್ತಿರುತ್ತವೆ, ಸುತ್ತಲೂ ರಟ್ಟು. ಈ ಬಾಕ್ಸನ್ನು ಸುಮ್ನೆ ಕೋಲ್ಡ್ ರೂಮಿನಲ್ಲಿ ಇಟ್ಟರೆ ಹೊರಗಿನ ರಟ್ಟು ತಣ್ಣಗಾಗುತ್ತದೆ, ನಡುವಿನ ಹೂವು ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಅದಕ್ಕೇ ಬಾಕ್ಸಿನ ತೂತುಗಳ ಮೂಲಕ ಫ್ಯಾನ್ ಇಟ್ಟು ತಣ್ಣನೆ ಗಾಳಿಯನ್ನು ಒಳಗೆ ಎಳೆಯಬೇಕು. ಇದನ್ನು ಪ್ರೀಕೂಲಿಂಗ್ ಅಂತಾರೆ. ರೀಫರ್ ಲಾರಿಯ, ಅಂದರೆ ತಂಪು ಯಂತ್ರ ಇರುವ ಲಾರಿಯ ಕೆಲಸ ತಣ್ಣಗಿರುವುದನ್ನು ತಣ್ಣಗೇ ಇಡುವುದು, ಬೆಚ್ಚಗಿರುವುದನ್ನು ತಣ್ಣಗೆ ಮಾಡುವ ಶಕ್ತಿ ಅದಕ್ಕಿಲ್ಲ.

ದೊಡ್ಡ ಕಂಪನಿಗಳ ತೋಟದಲ್ಲಿ ಇದೆಲ್ಲ ಇದೆ. ಅರ್ಧ ಎಕರೆ, ಒಂದು ಎಕರೆ ಪಾಲಿಹೌಸ್ (ಪ್ಲಾಸ್ಟಿಕ್ ಹೊದಿಸಿದ ಚಪ್ಪರ) ಇರುವವರ ಹತ್ತಿರ ಬಹಳ ಕಡೆ ಇಲ್ಲ. ಪಾಲಿಹೌಸ್ ಕಟ್ಟಲು ತೋಟಗಾರಿಕೆ ಯೋಜನೆಯಲ್ಲಿ 50 ಶೇಕಡಾ ಸಹಾಯಧನ ಸಿಗುತ್ತದೆ. ಹಾಗಾಗಿ ಹಳ್ಳಿಯಲ್ಲಿ ಚಪ್ಪರ ಎದ್ದಿತು. ಚಪ್ಪರದ ಪಕ್ಕದ ಕೋಲ್ಡ್ ರೂಮು, ಅದಕ್ಕೆ ಕೈಕೊಡದ ಕರೆಂಟು, ಅದು ಹೋದಾಗ ಓಡಬೇಕಾದ ಜನರೇಟರಿನ ಡೀಸೆಲ್ ಎಲ್ಲ ಬೆಳೆಗಾರನ ತಲೆಗೆ.

ಆಮೇಲೆ ರಸ್ತೆ. ದೊಡ್ಡಬಳ್ಳಾಪುರದಿಂದ ವಿಮಾನ ನಿಲ್ದಾಣ ಹತ್ತಿರ. ಹೊಸೂರಿನಿಂದ ಬರುವ ಗಾಡಿ ಬೆಂಗಳೂರನ್ನೇ ದಾಟಬೇಕು, ಸಿಲ್ಕ್ ಬೋರ್ಡ್ ಮತ್ತು ಹೆಬ್ಬಾಳದ ಬಗ್ಗೆ ಹೊಸದಾಗಿ ಹೇಳೋದು ಏನೂ ಇಲ್ಲ. ನಿಲ್ದಾಣಕ್ಕೆ ಬಂದ ಮೇಲೂ ಸಸ್ಯ ಆರೋಗ್ಯ ಪ್ರಮಾಣಪತ್ರ, ಕಸ್ಟಮ್ಸ್, ಎಕ್ಸ್‌ರೇ. ಕೊನೆಗೆ ಕೋಲ್ಡ್ ರೂಮಿನಿಂದ ವಿಮಾನದ ಹೊಟ್ಟೆಯವರೆಗಿನ ಆ ಬಯಲು. ದೂರ ಕೆಲವೇ ನೂರು ಮೀಟರ್, ಆದರೆ ವಿಮಾನ ತಡವಾದರೆ ಕಾಂಕ್ರೀಟಿನ ಕಾವಿನಲ್ಲಿ ಬಾಕ್ಸುಗಳು ಕಾಯುತ್ತವೆ. ಮೇಲೆ ಹೊದಿಸುವ ಥರ್ಮಲ್ ಹೊದಿಕೆ ಒಂದಿಷ್ಟು ಹೊತ್ತು ಕಾಪಾಡುತ್ತದೆ, ಅಷ್ಟೇ.

ಸಾಗಾಣಿಕೆಯ ಲೆಕ್ಕ

2024ರ ಅಂಕಿಯನ್ನೇ ಭಾಗಿಸಿ ನೋಡಿ. 12 ಲಕ್ಷ ಕೆಜಿಗೆ 2.9 ಕೋಟಿ ಹೂವು ಅಂದರೆ ಒಂದು ಕೆಜಿಗೆ ಸುಮಾರು 24. ಮಾತಿಗೆ ವಿಮಾನ ಬಾಡಿಗೆ ಕೆಜಿಗೆ 240 ರೂಪಾಯಿ ಅಂತ ಇಟ್ಟುಕೊಂಡರೆ ಪ್ರತಿ ಹೂವಿನ ಮೇಲೆ 10 ರೂಪಾಯಿ ಬಿತ್ತು. ಬಾಡಿಗೆ ಕೆಜಿಗೆ 48 ರೂಪಾಯಿ ಏರಿದರೆ ಹೂವಿನ ಮೇಲೆ ಇನ್ನೆರಡು ರೂಪಾಯಿ. ಹೂವೊಂದಕ್ಕೆ ಬೆಳೆಗಾರನ ಲಾಭವೇ ರೂಪಾಯಿ ಎರಡು ರೂಪಾಯಿಯ ಆಸುಪಾಸಿನಲ್ಲಿದ್ದರೆ ಆ ಏರಿಕೆಯಲ್ಲೇ ಅದು ಮಾಯ.

ಬಾಡಿಗೆ ಬರೀ ತೂಕದ ಮೇಲೂ ಇಲ್ಲ. ವಿಮಾನದವರು ಜಾಗವನ್ನೂ ಅಳೆಯುತ್ತಾರೆ: 6,000 ಘನ ಸೆಂಟಿಮೀಟರ್ ಜಾಗಕ್ಕೆ ಒಂದು ಕೆಜಿ ಅಂತ ಹಿಡಿದು, ನಿಜವಾದ ತೂಕ ಮತ್ತು ಈ ಲೆಕ್ಕ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. ಬಾಕ್ಸ್ ಸಡಿಲವಾಗಿ ತುಂಬಿದರೆ ಗಾಳಿಗೂ ಬಾಡಿಗೆ ಕೊಟ್ಟ ಹಾಗೆ, ಬಿಗಿಯಾಗಿ ತುಂಬಿದರೆ ಹೂವು ತಣ್ಣಗಾಗಲ್ಲ, ಮೊಗ್ಗು ಜಜ್ಜುತ್ತದೆ.

ಹರಾಜಿನ ಲೆಕ್ಕ ಇನ್ನೊಂದು ಥರ. ಹೆಬ್ಬಾಳದ ಅಂತರರಾಷ್ಟ್ರೀಯ ಹೂವಿನ ಹರಾಜು ಕೇಂದ್ರದಲ್ಲಿ ನಡೆಯುವುದು ಡಚ್ ಪದ್ಧತಿ. ನಮ್ಮ ಎಪಿಎಂಸಿಯಲ್ಲಿ ಕೂಗು ಮೇಲೆ ಮೇಲೆ ಹೋಗುತ್ತದೆ. ಇಲ್ಲಿ ಬೆಲೆ ಮೇಲಿನಿಂದ ಕೆಳಗೆ ಇಳಿಯುತ್ತಾ ಬರುತ್ತದೆ, ಮೊದಲು ಗುಂಡಿ ಒತ್ತಿದವರಿಗೆ ಹೂವು. ಫೆಬ್ರವರಿ 8ರವರೆಗೆ ಹೊರದೇಶ, ಹೊರರಾಜ್ಯದವರ ಬೇಡಿಕೆಯಿಂದ ಬೆಲೆ ಗಟ್ಟಿಯಾಗಿ ಇರುತ್ತದೆ. 12 ಆದ ಮೇಲೆ ಹೊರಗೆ ಕಳಿಸಿ ಪ್ರಯೋಜನ ಇಲ್ಲ, ತಲುಪುವಷ್ಟರಲ್ಲಿ ಹಬ್ಬ ಮುಗಿದಿರುತ್ತದೆ. ಅವತ್ತು ಅರಳಿದ ಕೆಂಪು ಗುಲಾಬಿಯೆಲ್ಲ ಊರಲ್ಲೇ ಉಳಿಯುತ್ತದೆ. ಎಲ್ಲರೂ ಅದೇ ದಿನಕ್ಕೆ ಗುರಿಯಿಟ್ಟು, ಅದೇ ತಾಜ್‌ಮಹಲ್ ತಳಿಯನ್ನು ಬೆಳೆದಿರುತ್ತಾರೆ. ನಾಲ್ಕು ದಿನದ ಚಳಿ ಹೆಚ್ಚು ಕಡಿಮೆಯಾಗಿ ಹೂವು ತಡವಾದವನು ಮುಳುಗಿದ. ದಾಖಲೆಯೂ ಬೆಲೆ ಕುಸಿತವೂ ಒಂದೇ ವಾರದಲ್ಲಿ ಬರುವುದು ಹೀಗೆ.

ಕೀನ್ಯಾ ಯಾಕೆ ಮುಂದೆ?

ಬೆಂಗಳೂರಿನ ಹವೆ ಗುಲಾಬಿಗೆ ಹೇಳಿ ಮಾಡಿಸಿದ್ದು ಅನ್ನೋ ಮಾತು ಪೂರ್ತಿ ಸುಳ್ಳಲ್ಲ, ಆದರೆ ಪಕ್ಕದಲ್ಲಿ ಯಾರನ್ನು ನಿಲ್ಲಿಸಿ ಹೋಲಿಸುತ್ತೀರಿ ಅನ್ನೋದು ಮುಖ್ಯ. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಕೀನ್ಯಾದ ನೈವಾಶಾ ಸುಮಾರು 1,900. ಕೊಲಂಬಿಯಾದ ಬೊಗೋಟಾ 2,600. ಎತ್ತರ ಹೆಚ್ಚಾದಷ್ಟು ರಾತ್ರಿ ತಂಪು, ಮೊಗ್ಗು ನಿಧಾನವಾಗಿ ಬಲಿಯುತ್ತದೆ, ದೊಡ್ಡದಾಗುತ್ತದೆ, ಕಾಂಡ ಉದ್ದ ಬರುತ್ತದೆ. ಯುರೋಪಿನಲ್ಲಿ ಒಳ್ಳೆ ದುಡ್ಡು ಸಿಗೋದು ಅಂಥ ಹೂವಿಗೆ.

ಇದರ ಮೇಲೆ ಸುಂಕ. ಗುಲಾಬಿಗೆ ಯುರೋಪ್ ಒಕ್ಕೂಟದ ಸಾಮಾನ್ಯ ಸುಂಕ ನವೆಂಬರಿನಿಂದ ಮೇವರೆಗೆ 8.5 ಶೇಕಡಾ, ಜೂನಿನಿಂದ ಅಕ್ಟೋಬರವರೆಗೆ 12 ಶೇಕಡಾ, ನಮ್ಮ ಹೂವು ಅಲ್ಲಿ ಸುಂಕ ಕಟ್ಟುವ ಸ್ಥಿತಿ ಇದ್ದುಕೊಂಡು ಬಂದಿದೆ. ಕೀನ್ಯಾ, ಇಥಿಯೋಪಿಯಾ, ಕೊಲಂಬಿಯಾಕ್ಕೆ ಸೊನ್ನೆ. ಇದು ಎಷ್ಟು ದೊಡ್ಡ ವಿಷಯ ಅಂತ 2014ರಲ್ಲಿ ಕೀನ್ಯಾಕ್ಕೇ ಗೊತ್ತಾಯಿತು. ಯುರೋಪಿನ ಜೊತೆಗಿನ ವ್ಯಾಪಾರ ಒಪ್ಪಂದ ತಡವಾಗಿ ಅಕ್ಟೋಬರಿನಿಂದ ಡಿಸೆಂಬರವರೆಗೆ ಆ ದೇಶದ ಹೂವಿಗೂ ಸುಂಕ ಬಿತ್ತು, ಬೆಳೆಗಾರರ ಬೊಬ್ಬೆಗೆ ಸರ್ಕಾರ ಓಡಿಹೋಗಿ ಒಪ್ಪಂದ ಮುಗಿಸಬೇಕಾಯಿತು. ನಮ್ಮ ಮತ್ತು ಯುರೋಪಿನ ಮುಕ್ತ ವ್ಯಾಪಾರದ ಮಾತುಕತೆ 2007ರಲ್ಲಿ ಶುರುವಾಗಿ, 2013ರಲ್ಲಿ ನಿಂತು, 2022ರಲ್ಲಿ ಮತ್ತೆ ಎದ್ದಿತು. ಅಷ್ಟು ವರ್ಷ ಆ ಮಾರುಕಟ್ಟೆಯಲ್ಲಿ ಬೇರೂರಿದ್ದು ಆಫ್ರಿಕಾದವರು.

ಬೆಂಗಳೂರಿನ ಕರುತೂರಿ ಗ್ಲೋಬಲ್ ಈ ಲೆಕ್ಕವನ್ನು ಬೇಗ ಹಾಕಿತ್ತು. 2007ರಲ್ಲಿ ನೈವಾಶಾದ ದೊಡ್ಡ ಗುಲಾಬಿ ತೋಟವನ್ನೇ ಕೊಂಡು ಜಗತ್ತಿನ ಅತಿ ದೊಡ್ಡ ಗುಲಾಬಿ ಬೆಳೆಗಾರರ ಸಾಲಿಗೆ ಸೇರಿತು. ಯುರೋಪಿಗೆ ಮಾರಬೇಕಾದರೆ ಬೆಂಗಳೂರಿನಲ್ಲಿ ಬೆಳೆಯುವುದಕ್ಕಿಂತ ಅಲ್ಲಿ ಬೆಳೆಯುವುದೇ ವಾಸಿ ಅಂತ ಬೆಂಗಳೂರಿನವರೇ ಹೇಳಿದ ಹಾಗಾಯಿತು. 2014ರಲ್ಲಿ ಆ ಕೀನ್ಯಾ ತೋಟ ಸಾಲಗಾರರ ಕೈಗೆ ಹೋಯಿತು, ಅಂದರೆ ಜಾಗ ಸರಿ ಇದ್ದ ಮಾತ್ರಕ್ಕೆ ಗೆದ್ದೇ ಗೆಲ್ಲುತ್ತೇವೆ ಅಂತೇನೂ ಇಲ್ಲ.

ಆಫ್ರಿಕಾಕ್ಕೂ ಈಗ ತಲೆನೋವು ಶುರುವಾಗಿದೆ. ಫಾಲ್ಸ್ ಕಾಡ್ಲಿಂಗ್ ಮಾತ್ ಅನ್ನೋ ಪತಂಗದ ಭಯಕ್ಕೆ ಯುರೋಪ್ 2025ರ ಏಪ್ರಿಲ್‌ನಿಂದ ಅಲ್ಲಿನ ಗುಲಾಬಿಗೆ ನಿಯಮ ಬಿಗಿ ಮಾಡಿದೆ. ಇದು ನಮಗೆ ಬಾಗಿಲು ತೆರೆದ ಹಾಗೆ ಅನ್ನುವವರಿದ್ದಾರೆ. ನನಗೆ ಹಾಗನ್ನಿಸಲ್ಲ. ನಮ್ಮ ಹೂವಿನಲ್ಲಿ ಥ್ರಿಪ್ಸ್ ಅನ್ನೋ ಪುಟ್ಟ ಕೀಟ ಒಂದು ಜೀವಂತ ಸಿಕ್ಕರೂ ತಕರಾರು ತೆಗೆಯುವ ದೇಶಗಳಿವೆ. ಆಸ್ಟ್ರೇಲಿಯಾವಂತೂ ಆಮದು ಗುಲಾಬಿಯ ಕಡ್ಡಿ ಚಿಗುರಬಾರದು ಅಂತ ಅದನ್ನು ಕಳೆನಾಶಕದಲ್ಲಿ ಅದ್ದಿಯೇ ಕಳಿಸಬೇಕು ಅನ್ನುತ್ತದೆ.

ಯಾರು ಏನು ಕೇಳುತ್ತಿದ್ದಾರೆ

ರಫ್ತುದಾರರ ವಾದ ಸರಳ. ವಿಮಾನ ಬಾಡಿಗೆಗೆ ಸರ್ಕಾರದ ನೆರವು ಬೇಕು, ಸುಂಕ ಇಳಿಯಬೇಕು, ಸರಕು ವಿಮಾನಗಳು ಜಾಸ್ತಿ ಬರಬೇಕು. ಸಣ್ಣ ಬೆಳೆಗಾರರು ಇದಕ್ಕೆ ಅಷ್ಟಾಗಿ ತಲೆ ಹಾಕಲ್ಲ. ಅವರ ಸಿಟ್ಟು ಇರೋದು ಮದುವೆ ಮಂಟಪಕ್ಕೆ ನುಗ್ಗಿರುವ ಪ್ಲಾಸ್ಟಿಕ್ ಹೂವಿನ ಮೇಲೆ. ದೆಹಲಿಯ ಒಂದು ಮದುವೆ ಸೀಸನ್ ಸರಿಯಾಗಿ ನಡೆದರೆ ಸಾಕು, ಸಿಂಗಪುರ ಬೇಡ ಅನ್ನುತ್ತಾರೆ. ಕಾರ್ಗೋ ನಡೆಸುವವರ ಮಾತು ಬೇರೆ: ವರ್ಷದಲ್ಲಿ ಹತ್ತು ದಿನದ ನೂಕುನುಗ್ಗಲಿಗೆ ಅಂತ ಕೋಲ್ಡ್ ರೂಮು ಕಟ್ಟಿ, ಉಳಿದ ದಿನ ಖಾಲಿ ಇಟ್ಟುಕೊಂಡು ಕೂರುವುದು ಹೇಗೆ?

ಮೂರೂ ನ್ಯಾಯವಾದ ಮಾತೇ. ಆದರೆ ಬಾಡಿಗೆಗೆ ನೆರವು ಕೊಟ್ಟರೆ ಅದು ಮೊದಲು ತಲುಪುವುದು ಈಗಾಗಲೇ ಸ್ವಂತ ಪ್ರೀಕೂಲಿಂಗ್ ಇರುವ ದೊಡ್ಡವರಿಗೆ, ಯಾಕೆಂದರೆ ವಿದೇಶಕ್ಕೆ ಕಳಿಸಲು ಲಾಯಕ್ಕಾದ ಹೂವು ಇರೋದು ಅವರ ಹತ್ತಿರವೇ. ಅದೇ ದುಡ್ಡಿನಲ್ಲಿ ಹತ್ತಿಪ್ಪತ್ತು ಸಣ್ಣ ತೋಟಗಳಿಗೆ ಒಂದು ಹಂಚಿಕೆಯ ಪ್ರೀಕೂಲಿಂಗ್ ಕೋಣೆ ಕಟ್ಟಿದರೆ ದೆಹಲಿಗೆ ಹೋಗುವ ಹೂವಿಗೂ ಎರಡು ದಿನ ಆಯಸ್ಸು ಜಾಸ್ತಿ ಸಿಗುತ್ತದೆ. ಉದ್ಘಾಟನೆಗೆ ಚೆಂದ ಕಾಣಲ್ಲ, ಅದಕ್ಕೇ ಇರಬೇಕು ಯಾರೂ ಹೆಚ್ಚು ಮಾತಾಡಲ್ಲ.

ಪರಿಸರದ ಪ್ರಶ್ನೆಯೂ ಇದೆ. ವಿಮಾನದಲ್ಲಿ ಹೂವು ಕಳಿಸುವುದೇ ಪಾಪ ಅನ್ನುವವರಿಗೆ 2007ರ ಕ್ರ್ಯಾನ್‌ಫೀಲ್ಡ್ ವಿಶ್ವವಿದ್ಯಾಲಯದ ಲೆಕ್ಕ ಉತ್ತರವಾಗಿ ಬರುತ್ತದೆ. 12,000 ಗುಲಾಬಿಗೆ ಕೀನ್ಯಾದಲ್ಲಿ ವಿಮಾನವೂ ಸೇರಿ ಸುಮಾರು 6,000 ಕೆಜಿ ಇಂಗಾಲದ ಡೈಆಕ್ಸೈಡ್, ಹಾಲೆಂಡಿನ ಬಿಸಿ ಮಾಡಿದ ಗಾಜಿನ ಮನೆಯಲ್ಲಿ 35,000 ಕೆಜಿ. ಆ ಅಧ್ಯಯನ ಮಾಡಿಸಿದ್ದು ಹೂವು ಆಮದು ಮಾಡುವ ಕಂಪನಿಯೇ ಅನ್ನೋದನ್ನೂ ಹೇಳಿಬಿಡಬೇಕು.

ಹಡಗಿನ ಆಸೆ

ಬಾಡಿಗೆ ಉಳಿಸಲು ಕೊಲಂಬಿಯಾ, ಕೀನ್ಯಾ ಎರಡೂ ಹಡಗು ಹತ್ತಿವೆ. ಕೀನ್ಯಾದ ಮೊಂಬಾಸಾ ಬಂದರಿನಿಂದ ಹಾಲೆಂಡಿನ ರಾಟರ್‌ಡ್ಯಾಮ್‌ಗೆ ಸುಮಾರು ನಾಲ್ಕು ವಾರ. ನಾಲ್ಕು ವಾರ ಹೂವು ಬಾಳುತ್ತದಾ? ಬಾಳುತ್ತದೆ, ಕಂಟೇನರಿನೊಳಗೆ ಶಾಖ ಸೊನ್ನೆಗಿಂತ ಒಂದು ಚೂರು ಮೇಲೆ ಅಲ್ಲಾಡದೆ ನಿಂತರೆ. ವಿಮಾನದಲ್ಲಿ ಸಾಧ್ಯವಿಲ್ಲದ ಶಿಸ್ತು ಹಡಗಿನಲ್ಲಿ ಸಾಧ್ಯ, ಬಾಗಿಲು ಮುಚ್ಚಿದರೆ ತೆರೆಯುವುದು ಆ ದಡದಲ್ಲೇ. ಆದರೆ ಎಲ್ಲ ತಳಿಗೂ ಇದು ಆಗಲ್ಲ, ಮೊಗ್ಗು ಇನ್ನೂ ಬಿಗಿಯಾಗಿದ್ದಾಗಲೇ ಕೊಯ್ಯಬೇಕು. 2023ರ ಕೊನೆಗೆ ಕೆಂಪು ಸಮುದ್ರದಲ್ಲಿ ದಾಳಿ ಶುರುವಾಗಿ ಹಡಗುಗಳು ಆಫ್ರಿಕಾ ಸುತ್ತಿ ಹೋದಾಗ ಒಂದೆರಡು ವಾರ ಜಾಸ್ತಿ ಹಿಡಿಯಿತು. ಅಷ್ಟನ್ನು ಗುಲಾಬಿ ತಡೆಯಲ್ಲ.

ನಮಗೆ ಯುರೋಪಿನ ಹಡಗು ದೂರದ ಮಾತು. ಚೆನ್ನೈನಿಂದ ಸಿಂಗಪುರ, ಮಲೇಷ್ಯಾ ಕಡೆಗೆ ಅಥವಾ ಪಶ್ಚಿಮ ಕರಾವಳಿಯಿಂದ ಕೊಲ್ಲಿಗೆ ಹಡಗಿನಲ್ಲಿ ಕಳಿಸುವುದು ಲೆಕ್ಕಕ್ಕೆ ಕೂರುವಂಥದ್ದು, ಪ್ರಯಾಣ ವಾರದ ಆಸುಪಾಸು. ಅಡ್ಡಿ ಒಂದೇ. ಒಂದು ಕಂಟೇನರಿಗೆ ಲಕ್ಷಗಟ್ಟಲೆ ಹೂವು ಬೇಕು, ಅಷ್ಟೂ ಒಂದೇ ಶಾಖಕ್ಕೆ ಇಳಿದಿರಬೇಕು. ಅರ್ಧ ಎಕರೆಯವನು ಒಬ್ಬನೇ ಅದನ್ನು ತುಂಬಲಾರ, ಐವತ್ತು ಜನ ಸೇರಿ ತುಂಬಿದರೆ ಅದರಲ್ಲಿ ಬೆಚ್ಚಗಿನ ಹೂವು ತಂದ ಒಬ್ಬನಿಂದ ಬೂಸ್ಟು ಎಲ್ಲರ ಬಾಕ್ಸಿಗೂ ಹರಡುತ್ತದೆ. ತಿರುಗಿ ತಿರುಗಿ ಬಂದು ನಿಲ್ಲುವುದು ಮತ್ತೆ ಹಳ್ಳಿಯ ಆ ಪ್ರೀಕೂಲಿಂಗ್ ಕೋಣೆಗೇ.

ಮುಂದೆ ಏನಾಗಬಹುದು

ಈಗಿರುವ ಹಾಗೇ ನಡೆದರೆ ವಿಮಾನ ನಿಲ್ದಾಣದ ಅಂಕಿ ಏರುತ್ತಲೇ ಹೋಗುತ್ತದೆ, ಯಾಕೆಂದರೆ ದೇಶದೊಳಗಿನ ಬೇಡಿಕೆ ಬೆಳೆಯುತ್ತಿದೆ. ಅದರಲ್ಲಿ ವಿದೇಶದ ಪಾಲು ಕುಗ್ಗಿದರೂ ಆಶ್ಚರ್ಯ ಇಲ್ಲ. ಯುರೋಪಿನ ಸುಂಕ ಇಳಿದರೆ ಅದರ ಲಾಭ ಮೊದಲು ದೊಡ್ಡ ತೋಟಗಳಿಗೆ, ಅದೂ ಸ್ವಲ್ಪ ಮಟ್ಟಿಗೆ, ಏಕೆಂದರೆ ಸುಂಕ ಹೋದರೂ ನೈವಾಶಾದ ಎತ್ತರ ಹೋಗಲ್ಲ. ಸಣ್ಣವರು ನಿಧಾನವಾಗಿ ಗುಲಾಬಿಯಿಂದ ಜರ್ಬೆರಾಕ್ಕೋ, ದೊಣ್ಣೆಮೆಣಸಿನಕಾಯಿಗೋ ತಿರುಗುತ್ತಾರೆ, ಕೆಲವರು ತಿರುಗಿಯೂ ಆಗಿದೆ.

ಅಲ್ಲಿಯವರೆಗೆ ಇವರ ವರ್ಷದ ದೊಡ್ಡ ಜೂಜು ನಡೆಯುವುದು ಫೆಬ್ರವರಿಯಲ್ಲಲ್ಲ, ಡಿಸೆಂಬರಿನಲ್ಲಿ. ಫೆಬ್ರವರಿ ಮೊದಲ ವಾರಕ್ಕೆ ಮೊಗ್ಗು ಬರಬೇಕೆಂದರೆ ಒಂದೂವರೆ ತಿಂಗಳು ಮುಂಚೆ ಗಿಡ ಸವರಬೇಕು. ಕತ್ತರಿ ಹಾಕುವ ಆ ಬೆಳಗ್ಗೆ ಫೆಬ್ರವರಿಯ ವಿಮಾನ ಬಾಡಿಗೆ ಎಷ್ಟಿರುತ್ತದೆ ಅಂತ ತೋಟದವನಿಗೂ ಗೊತ್ತಿಲ್ಲ, ಏಜೆಂಟನಿಗೂ ಗೊತ್ತಿಲ್ಲ.